ಡೆಸ್ಕ್‌ಟಾಪಿಗೆ ಟಚ್ ಬೇಕೇ, ಮೌಸ್ ಸಾಕೇ? ಕಾಸರಗೋಡಿನ ಅಂಗಡಿ, ಅಕ್ಷಯ ಕೇಂದ್ರ, ಮನೆಗಳಿಗೆ ಒಂದು ಹೋಲಿಕೆ

ಟಚ್ ಇರುವ ಡೆಸ್ಕ್‌ಟಾಪ್ ಬಗ್ಗೆ ಬರುವ ದೂರುಗಳಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತಿರುತ್ತವೆ. ಒಂದು ಗಾಜಿನದ್ದು: ಕೈ ಚಾಚಿ ಚಾಚಿ ತೋಳು ಸೋಲುವುದು, ಒತ್ತಿದ್ದು ಒಂದಾದರೆ ತೆರೆದದ್ದು ಇನ್ನೊಂದಾಗುವುದು, ಯಾರೂ ಮುಟ್ಟದೆಯೇ ಪರದೆ ತನ್ನಷ್ಟಕ್ಕೆ ಒತ್ತಿಕೊಳ್ಳುವುದು. ಇನ್ನೊಂದು ತಂತ್ರಾಂಶದ್ದು: ಟಚ್ ಇಲ್ಲದ ಕಂಪ್ಯೂಟರಿನಲ್ಲೂ ಬೆರಳಿಗೆಂದೇ ಮಾಡಿದ ದಪ್ಪ ಗುಂಡಿಗಳು, ಸಾಲುಗಳ ನಡುವೆ ಸುಮ್ಮನೆ ಬಿಟ್ಟ ಜಾಗ, ಕಾಣದಂತೆ ಅಡಗಿಸಿಟ್ಟ ಮೆನುಗಳು. ಮೊದಲನೆಯದಕ್ಕೆ ಯಂತ್ರವನ್ನೇ ಬದಲಿಸಬೇಕಾದೀತು. ಎರಡನೆಯದು ಹತ್ತು ನಿಮಿಷ ಸೆಟ್ಟಿಂಗ್ಸ್‌ನಲ್ಲಿ ಕುಳಿತರೆ ಮುಕ್ಕಾಲು ಪಾಲು ಸರಿಯಾಗುತ್ತದೆ. ಯಾವುದು ಯಾವ ತೊಂದರೆ ಎಂದು ನೋಡದೆ ಹೊಸ ಯಂತ್ರ ತಂದರೆ ಹಣವೂ ಹೋಗುತ್ತದೆ, ಕಿರಿಕಿರಿಯೂ ಉಳಿಯುತ್ತದೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಈ ಆಯ್ಕೆ ಬೆಂಗಳೂರಿನವರ ಆಯ್ಕೆಯ ಹಾಗೆ ಇರುವುದಿಲ್ಲ. ನಾಲ್ಕು ತಿಂಗಳ ಮಳೆ, ಕಡಲ ಉಪ್ಪುಗಾಳಿ, ಬೇಸಗೆಯಲ್ಲಿ ಒಣಗುವ ಅರ್ತಿಂಗ್ ಗುಂಡಿ, ಅಡಿಕೆ ಸುಲಿದು ಒರಟಾದ ಬೆರಳು, ಒಂದೇ ಮೇಜಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಟೈಪ್ ಆಗಬೇಕಾದ ಕೆಲಸ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಕುಳಿತು ಮಾಡುವ ಕೆಲಸಕ್ಕೆ ಸಾಮಾನ್ಯ ಮಾನಿಟರ್, ಒಳ್ಳೆಯ ಕೀಬೋರ್ಡ್, ವೈರ್ ಇರುವ ಮೌಸ್. ನಿಂತು ಅರ್ಧ ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಟಚ್. ಕೈಯಲ್ಲಿ ಬರೆಯಬೇಕಾದ, ಗೀಚಬೇಕಾದ ಕೆಲಸಕ್ಕೆ ಪೆನ್ ಟ್ಯಾಬ್ಲೆಟ್, ಅಂದರೆ ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ. ಮೂರನ್ನೂ ಒಂದೇ ಆಲ್-ಇನ್-ಒನ್ (ಪರದೆಯೊಳಗೇ ಇಡೀ ಕಂಪ್ಯೂಟರ್ ಇರುವ) ಯಂತ್ರದಿಂದ ಮಾಡಿಸಲು ಹೊರಟಲ್ಲಿಯೇ ಹೆಚ್ಚಿನವರು ಸೋಲುವುದು.

ತೋಳಿನ ಲೆಕ್ಕ

ಮನುಷ್ಯನ ಒಂದು ತೋಳಿನ ತೂಕ ಮೈತೂಕದ ಸುಮಾರು 5 ಶೇಕಡಾ. ಅರುವತ್ತು ಕಿಲೋ ತೂಗುವವರ ತೋಳು ಮೂರು ಕಿಲೋ. ಮೌಸ್ ಹಿಡಿದಾಗ ಈ ಮೂರು ಕಿಲೋವನ್ನು ಮೇಜು ಹೊರುತ್ತದೆ. ನೆಟ್ಟಗೆ ನಿಂತ ಪರದೆಯನ್ನು ಮುಟ್ಟುವಾಗ ಭುಜ ಹೊರುತ್ತದೆ. ಕಣ್ಣಿಗೆ ಹಿತವಾದ ದೂರ 50ರಿಂದ 70 ಸೆಂಟಿಮೀಟರ್. ಬೆನ್ನು ಕುರ್ಚಿಗೆ ಒರಗಿದ್ದು, ಮೊಣಕೈ ಮಡಚಿದ್ದರೆ ಅಷ್ಟು ದೂರಕ್ಕೆ ಬೆರಳು ಎಟಕುವುದಿಲ್ಲ. ಹಾಗಾಗಿ ಪ್ರತಿ ಸಲವೂ ಮುಂದಕ್ಕೆ ಬಾಗಬೇಕು, ಇಲ್ಲವೇ ಪರದೆಯನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಳ್ಳಬೇಕು.

ಇದು ಹೊಸ ವಿಷಯವೇನಲ್ಲ. 1983ರಲ್ಲಿ ಬಂದ ಎಚ್‌ಪಿ-150 ಎಂಬ ಕಂಪ್ಯೂಟರಿನಲ್ಲಿ ಪರದೆಯ ಸುತ್ತ ಇನ್‌ಫ್ರಾರೆಡ್ ಕಿರಣಗಳ ಟಚ್ ಇತ್ತು. ತೋಳು ಸೋತು ಭಾರವಾಗುವ ಈ ತೊಂದರೆಗೆ ‘ಗೊರಿಲ್ಲಾ ಆರ್ಮ್’ ಎಂಬ ಹೆಸರು ಬಂದು ದಶಕಗಳೇ ಆಗಿವೆ. 2010ರಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್ ಕಂಪ್ಯೂಟರುಗಳಿಗೆ ಟಚ್ ಪರದೆ ಯಾಕೆ ಕೊಡುವುದಿಲ್ಲ ಎಂದು ವೇದಿಕೆಯ ಮೇಲೆ ವಿವರಿಸಿದಾಗ ಕೊಟ್ಟ ಕಾರಣವೂ ಇದೇ. ಫೋನ್ ಕೈಯಲ್ಲಿರುತ್ತದೆ, ಟ್ಯಾಬ್ಲೆಟ್ ಮಡಿಲಲ್ಲಿರುತ್ತದೆ. ಡೆಸ್ಕ್‌ಟಾಪ್ ಪರದೆ ಮಾತ್ರ ಎದುರಿಗೆ ಗೋಡೆಯಂತೆ ನಿಂತಿರುತ್ತದೆ.

ಟಚ್ ಬೇಕೇ ಬೇಕು ಎಂದಾದರೆ ಪರದೆಯನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಹಿಂದಕ್ಕೆ 30ರಿಂದ 45 ಡಿಗ್ರಿ ವಾಲಿಸಬೇಕು. ಆಗ ಅಂಗೈ ಅಂಚಿನ ಮೇಲೆ ಊರುತ್ತದೆ. ಆದರೆ ಮಾಮೂಲಿ ಆಲ್-ಇನ್-ಒನ್‌ಗಳ ಸ್ಟ್ಯಾಂಡ್ ಹಿಂದಕ್ಕೆ ಇಪ್ಪತ್ತು-ಇಪ್ಪತ್ತೈದು ಡಿಗ್ರಿಗಿಂತ ಹೆಚ್ಚು ವಾಲುವುದಿಲ್ಲ. ವಾಲಿಸಿದರೂ ಇನ್ನೊಂದು ತಾಪತ್ರಯ ಇದೆ: ಮಾಡಿನ ಟ್ಯೂಬ್‌ಲೈಟ್ ನೇರ ಗಾಜಿನಲ್ಲಿ ಹೊಳೆಯುತ್ತದೆ. ದೀಪವನ್ನು ಬದಿಗೆ ಸರಿಸದೆ ವಾಲಿಸಿದ ಪರದೆ ಉಪಯೋಗಕ್ಕೆ ಬಾರದು.

ಬೆರಳಿನ ಲೆಕ್ಕ

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ 21.5 ಇಂಚಿನ, 1920×1080 ಪಿಕ್ಸೆಲ್‌ಗಳ ಪರದೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು ಕಾಲು ಮಿಲಿಮೀಟರ್. ಹಳೆಯ ಮಾದರಿಯ ವಿಂಡೋಸ್ ತಂತ್ರಾಂಶದಲ್ಲಿ ಟಿಕ್ ಹಾಕುವ ಚೌಕ 13 ಪಿಕ್ಸೆಲ್, ಅಂದರೆ 3.2 ಮಿಲಿಮೀಟರ್. ಸ್ಕ್ರೋಲ್ ಪಟ್ಟಿ 17 ಪಿಕ್ಸೆಲ್, 4.2 ಮಿಲಿಮೀಟರ್. ಬೆರಳಿನಿಂದ ಒತ್ತುವ ಗುಂಡಿ ಕನಿಷ್ಠ 7.5 ಮಿಲಿಮೀಟರ್ ಚೌಕವಾದರೂ ಇರಬೇಕು ಎಂದು ಮೈಕ್ರೋಸಾಫ್ಟಿನ ವಿನ್ಯಾಸ ನಿಯಮವೇ ಹೇಳುತ್ತದೆ. ಆ ಟಿಕ್ ಚೌಕ ಅದರ ಅರ್ಧವೂ ಇಲ್ಲ. ಬೆರಳು ಇಟ್ಟ ಕೂಡಲೇ ಚೌಕ ಬೆರಳಿನಡಿಗೆ ಮುಚ್ಚಿಹೋಗುತ್ತದೆ. ಎಲ್ಲಿ ಒತ್ತುತ್ತಿದ್ದೇವೆ ಎಂಬುದೂ ಕಾಣುವುದಿಲ್ಲ. ಮೌಸಿನ ಬಾಣದ ತುದಿಯೋ, ಒಂದೇ ಪಿಕ್ಸೆಲ್. ಗುರಿ ಕಿರಿದಾದಷ್ಟೂ ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂದು ಪಾಲ್ ಫಿಟ್ಸ್ 1954ರಲ್ಲೇ ಸೂತ್ರ ಕೊಟ್ಟಿದ್ದಾರೆ. ಬೆರಳಿಗೆ ದಪ್ಪ ಗುರಿ, ಬಾಣಕ್ಕೆ ಸಣ್ಣ ಗುರಿಯೂ ನಡೆದೀತು.

‘ಸ್ಕೇಲಿಂಗ್ 150 ಶೇಕಡಾ ಇಟ್ಟರಾಯಿತಲ್ಲ’ ಎಂದು ಅಂಗಡಿಯವರು ಹೇಳುತ್ತಾರೆ. ಸ್ಕೇಲಿಂಗ್ ಅಂದರೆ ಪರದೆಯ ಮೇಲಿನ ಅಕ್ಷರ, ಗುಂಡಿಗಳನ್ನೆಲ್ಲ ದೊಡ್ಡದು ಮಾಡಿ ತೋರಿಸುವ ಸೆಟ್ಟಿಂಗ್. ಇಡಬಹುದು. ಆಗ ಎಕ್ಸೆಲ್‌ನ ಒಂದು ಸಾಲು 20 ಪಿಕ್ಸೆಲ್‌ನಿಂದ 30 ಪಿಕ್ಸೆಲ್ ಆಗಿ ಹೆಚ್ಚುಕಡಿಮೆ 7.5 ಮಿಲಿಮೀಟರ್‌ಗೆ ಬರುತ್ತದೆ, ಬೆರಳಿಗೆ ಸಿಗುತ್ತದೆ. ಆದರೆ 1920×1080ರ ಪರದೆ 1280×720ರ ಪರದೆಯಷ್ಟೇ ಕೆಲಸದ ಜಾಗ ಕೊಡುತ್ತದೆ. ಅರ್ಧಕ್ಕಿಂತ ಹೆಚ್ಚು ಜಾಗ ಮಾಯ. ಅಡಿಕೆ ಖರೀದಿಯ ಪಟ್ಟಿಯಲ್ಲಿ ಮೊದಲು ಮೂವತ್ತು ಸಾಲು ಒಟ್ಟಿಗೆ ಕಾಣುತ್ತಿದ್ದಲ್ಲಿ ಈಗ ಇಪ್ಪತ್ತೂ ಕಾಣುವುದಿಲ್ಲ. ದೊಡ್ಡ ಪರದೆಗೆ ಹಣ ಕೊಟ್ಟು ಸಣ್ಣ ಪರದೆ ತಂದಂತಾಯಿತು.

ಬೆರಳಿನಿಂದ ಆಗದ ಇನ್ನೊಂದು ಕೆಲಸ, ಒತ್ತದೆ ಮೇಲಿಂದ ಸುಳಿಯುವುದು. ಬಾಣವನ್ನು ಮೆನುವಿನ ಮೇಲೆ ತಂದ ಕೂಡಲೇ ಪಟ್ಟಿ ಬಿಚ್ಚಿಕೊಳ್ಳುವ ಹಳೆಯ ಸರಕಾರಿ ಜಾಲತಾಣಗಳು ಈಗಲೂ ಬೇಕಾದಷ್ಟಿವೆ. ಅಂಥಲ್ಲಿ ಬೆರಳು ಇಟ್ಟರೆ ಪಟ್ಟಿ ಬಿಚ್ಚುವ ಮೊದಲೇ ಮೇಲಿನ ಕೊಂಡಿ ತೆರೆದುಕೊಂಡುಬಿಡುತ್ತದೆ. ರೈಟ್ ಕ್ಲಿಕ್‌ಗೆ ಬೆರಳನ್ನು ಒತ್ತಿ ಹಿಡಿದು ಕಾಯಬೇಕು. ಕೈ ಸ್ವಲ್ಪ ಜಾರಿದರೆ ಅದನ್ನು ಎಳೆತ ಎಂದುಕೊಂಡು ಕಡತ ಬೇರೆ ಫೋಲ್ಡರಿಗೆ ಹೋಗಿ ಬೀಳುತ್ತದೆ. ‘ಕಡತ ಕಾಣೆಯಾಯಿತು’ ಎಂದು ಯಾರಾದರೂ ಹೇಳಿದರೆ ಮೊದಲು ಕಂಟ್ರೋಲ್ ಮತ್ತು ಝಡ್ ಒತ್ತಿ ನೋಡಿ. ಜಾರಿ ಹೋದದ್ದಾದರೆ ಇದ್ದಲ್ಲಿಗೆ ಮರಳಿ ಬರುತ್ತದೆ.

ತಂತ್ರಾಂಶದ ಕಿರಿಕಿರಿ

ಮೌಸ್ ಹಿಡಿದು ಕೆಲಸ ಮಾಡುವವರ ಮೇಲೆ ಬೆರಳಿನ ವಿನ್ಯಾಸ ಹೇರಿದ ದೊಡ್ಡ ಉದಾಹರಣೆ 2012ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 8. ಸ್ಟಾರ್ಟ್ ಗುಂಡಿಯನ್ನು ತೆಗೆದು ಪರದೆ ತುಂಬ ಬಣ್ಣದ ಚೌಕಗಳನ್ನು ಇಟ್ಟರು. ಮೂಲೆಗೆ ಬಾಣ ಒಯ್ದರೆ ಮಾತ್ರ ಮೆನು ಕಾಣುವಂತೆ ಮಾಡಿದರು. ಶಟ್‌ಡೌನ್ ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಯಿತು. ಮರುವರ್ಷದ 8.1ರಲ್ಲಿ ಸ್ಟಾರ್ಟ್ ಗುಂಡಿ ಮರಳಿತು, 2015ರ ವಿಂಡೋಸ್ 10ರಲ್ಲಿ ಮೆನು ಮರಳಿತು. ವಿಂಡೋಸ್‌ಗೆ ಬದಲಿಯಾಗಿ ಉಚಿತವಾಗಿ ಸಿಗುವ ಲಿನಕ್ಸ್ ಕಡೆ 2011ರಲ್ಲಿ ಗ್ನೋಮ್ 3 ಮತ್ತು ಉಬುಂಟುವಿನ ಯೂನಿಟಿ ಬಂದಾಗಲೂ ಇಂಥದೇ ಅಸಮಾಧಾನ ಎದ್ದು, ಪರದೆಯ ಹಳೆಯ ನಮೂನೆಯ ನೋಟವನ್ನು ಉಳಿಸಿಕೊಳ್ಳಲೆಂದೇ ಮಾಟೆ, ಸಿನಮನ್ ಎಂಬ ವಿನ್ಯಾಸಗಳು ಹುಟ್ಟಿಕೊಂಡವು.

ವಿಂಡೋಸ್ 11ರಲ್ಲಿ ಬೆರಳಿನ ವಿನ್ಯಾಸ ಅಷ್ಟು ಎದ್ದು ಕಾಣುವುದಿಲ್ಲ, ಆದರೆ ಇದೆ. ಯಂತ್ರ ಬದಲಿಸುವ ಮೊದಲು ಇಷ್ಟನ್ನು ಮಾಡಿ ನೋಡಿ:

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’ ಒತ್ತಿ ‘ಕಾಂಪ್ಯಾಕ್ಟ್ ವ್ಯೂ’ ಆರಿಸಿ. ಸಾಲುಗಳ ನಡುವಣ ಬೆರಳಿನ ಜಾಗ ಹೋಗಿ ಹೆಚ್ಚು ಕಡತಗಳು ಒಟ್ಟಿಗೆ ಕಾಣುತ್ತವೆ. ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ಯಲ್ಲಿ ‘ವಿಶುವಲ್ ಎಫೆಕ್ಟ್ಸ್’ ತೆರೆದು ‘ಆಲ್ವೇಸ್ ಶೋ ಸ್ಕ್ರೋಲ್‌ಬಾರ್ಸ್’ ಆನ್ ಮಾಡಿ. ಕೂದಲೆಳೆಯಷ್ಟು ತೆಳ್ಳಗಾಗಿ ಅಡಗುವ ಸ್ಕ್ರೋಲ್ ಪಟ್ಟಿ ಮತ್ತೆ ಹಿಡಿತಕ್ಕೆ ಬರುತ್ತದೆ. ‘ಪರ್ಸನಲೈಸೇಷನ್’ನಲ್ಲಿ ‘ಟಾಸ್ಕ್‌ಬಾರ್’, ಅದರೊಳಗೆ ‘ಟಾಸ್ಕ್‌ಬಾರ್ ಬಿಹೇವಿಯರ್ಸ್’. ಅಲ್ಲಿ ‘ಅಲೈನ್‌ಮೆಂಟ್’ ಅನ್ನು ‘ಲೆಫ್ಟ್’ ಮಾಡಿದರೆ ಸ್ಟಾರ್ಟ್ ಗುಂಡಿ ಮೂಲೆಗೆ ಮರಳುತ್ತದೆ. ಇದು ಬರೀ ಅಭ್ಯಾಸದ ಮಾತಲ್ಲ. ಮೂಲೆಯಲ್ಲಿರುವ ಗುಂಡಿಗೆ ಬಾಣವನ್ನು ಕಣ್ಣುಮುಚ್ಚಿ ಎಸೆದರೂ ಅದು ಅಂಚಿಗೆ ತಾಗಿ ನಿಲ್ಲುತ್ತದೆ. ನಡುವಿನ ಗುಂಡಿಗೆ ಗುರಿ ಹಿಡಿಯಬೇಕು, ಅದೂ ತಂತ್ರಾಂಶ ತೆರೆದಷ್ಟೂ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ರೈಟ್ ಕ್ಲಿಕ್ ಮೆನುವಿನಲ್ಲಿ ಬೇಕಾದದ್ದು ಕಾಣದಿದ್ದರೆ ಶಿಫ್ಟ್ ಹಿಡಿದುಕೊಂಡೇ ರೈಟ್ ಕ್ಲಿಕ್ ಮಾಡಿ, ಹಳೆಯ ಉದ್ದದ ಮೆನು ನೇರ ಬರುತ್ತದೆ. ವರ್ಡ್, ಎಕ್ಸೆಲ್‌ಗಳಲ್ಲಿ ಗುಂಡಿಗಳು ದೂರ ದೂರ ಹರಡಿಕೊಂಡಿದ್ದರೆ ಮೇಲಿನ ಕ್ವಿಕ್ ಆಕ್ಸೆಸ್ ಪಟ್ಟಿಯಲ್ಲಿ ‘ಟಚ್/ಮೌಸ್ ಮೋಡ್’ ಹುಡುಕಿ ‘ಮೌಸ್’ ಆರಿಸಿ. ಟಚ್ ಯಂತ್ರದಲ್ಲಿ ಕೆಲವೊಮ್ಮೆ ಅದು ಟಚ್ ಮೋಡಿನಲ್ಲೇ ಇರುತ್ತದೆ, ಯಾರೂ ಗಮನಿಸಿರುವುದಿಲ್ಲ.

ಇಷ್ಟು ಮಾಡಿದ ಮೇಲೂ ತೃಪ್ತಿಯಿಲ್ಲದಿದ್ದರೆ ಮಾತ್ರ ಲಿನಕ್ಸ್ ಯೋಚಿಸಿ. ಮಕ್ಕಳ ಓದಿಗೆ, ಬ್ರೌಸಿಂಗ್‌ಗೆ, ಪತ್ರ ಬರೆಯಲು ಲಿನಕ್ಸ್ ಮಿಂಟ್‌ನ ಸಿನಮನ್ ಚೆನ್ನಾಗಿದೆ. 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರವಾದರೆ ಅದರದ್ದೇ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ. ಕೇರಳದ ಶಾಲೆಗಳಲ್ಲಿ ಕೈಟ್ ಎಂಬ ಸರಕಾರಿ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯ ಗ್ನು/ಲಿನಕ್ಸ್ ನಡೆಯುವುದರಿಂದ ನಮ್ಮ ಕಡೆಯ ಮಕ್ಕಳಿಗೆ ಇದು ಹೊಸತಲ್ಲ, ಮನೆಯ ದೊಡ್ಡವರಿಗಿಂತ ಅವರಿಗೇ ಬೇಗ ಒಗ್ಗುತ್ತದೆ. ಕನ್ನಡಕ್ಕೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಎರಡೂ ಇವೆ. ಆದರೆ ಲೆಕ್ಕ ಬರೆಯುವ ಟ್ಯಾಲಿ, ಪುಟ ಜೋಡಿಸುವ ಪೇಜ್‌ಮೇಕರ್, ಚಿತ್ರ ಬಿಡಿಸುವ ಕೋರೆಲ್‌ಡ್ರಾ ಇದ್ದಲ್ಲಿ ವಿಂಡೋಸ್ ಬಿಡಲು ಹೋಗಬೇಡಿ.

ಒಂದು ಎಚ್ಚರಿಕೆ: ವಿಂಡೋಸ್ 8.1ಕ್ಕೆ 2023ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದಿದೆ. ‘ಹಳೆಯದೇ ಚೆಂದ’ ಎಂದು ಅಗ್ಗದ ಸೆಕೆಂಡ್ ಹ್ಯಾಂಡ್ ಟಚ್ ಯಂತ್ರ ತರುವವರು ಅದಕ್ಕೆ ವಿಂಡೋಸ್ 11 ಹಿಡಿಸುತ್ತದೆಯೇ ಎಂದು ಮೊದಲು ನೋಡಬೇಕು. ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು.

ಗಾಜಿನಲ್ಲೂ ಮೂರು ಜಾತಿ

‘ಟಚ್’ ಎಂದು ಒಂದೇ ಮಾತಿನಲ್ಲಿ ಮಾರುತ್ತಾರೆ, ಒಳಗಿನ ತಂತ್ರ ಬೇರೆ ಬೇರೆ.

ಈಗಿನ ಆಲ್-ಇನ್-ಒನ್‌ಗಳಲ್ಲಿ ಇರುವುದು ಕೆಪಾಸಿಟಿವ್. ಗಾಜಿನ ಮೇಲಿನ ವಿದ್ಯುತ್ ಕ್ಷೇತ್ರವನ್ನು ಬೆರಳು ಕದಡಿದಾಗ ಅದಕ್ಕೆ ತಿಳಿಯುತ್ತದೆ. ಒತ್ತಬೇಕಿಲ್ಲ, ಹಗುರವಾಗಿ ತಾಗಿದರೆ ಸಾಕು. ಆದರೆ ಬೆರಳಿನ ತೊಗಲಿನಲ್ಲಿ ಸ್ವಲ್ಪ ತೇವ ಇರಬೇಕು. ಅಡಿಕೆ ಸುಲಿಯುವವರ, ರಬ್ಬರ್ ಟ್ಯಾಪಿಂಗ್ ಮಾಡುವವರ ಹೆಬ್ಬೆರಳು-ತೋರುಬೆರಳುಗಳ ತುದಿ ದಡ್ಡುಗಟ್ಟಿ ಒಣಗಿರುತ್ತದೆ. ಅಂಥ ಬೆರಳು ಮೂರು ಸಲ ಒತ್ತಿದರೂ ಗಾಜಿಗೆ ತಿಳಿಯದೆ ಹೋಗಬಹುದು. ಸೊಸೈಟಿಯ ಅಥವಾ ಖರೀದಿ ಕೇಂದ್ರದ ಕೌಂಟರಿನಲ್ಲಿ ಕೃಷಿಕರೇ ಮುಟ್ಟಬೇಕಾದ ಪರದೆ ಇಟ್ಟರೆ ಪಕ್ಕದಲ್ಲಿ ದಾರ ಕಟ್ಟಿದ ಕೆಪಾಸಿಟಿವ್ ಸ್ಟೈಲಸ್ (ಬೆರಳಿನ ಬದಲು ಪರದೆ ಮುಟ್ಟುವ ಕಡ್ಡಿ) ಒಂದನ್ನು ಇಡಿ. ಇದಕ್ಕೆ ತದ್ವಿರುದ್ಧ ಸಮಸ್ಯೆ ನೀರಿನದ್ದು. ಕೊಡೆ ಮಡಚಿ ಒಳಬಂದವರ ಕೈಯಿಂದ ಗಾಜಿನ ಮೇಲೆ ಹನಿ ಬಿದ್ದರೆ ಹನಿಯೂ ಬೆರಳಿನಂತೆಯೇ ಕಾಣುತ್ತದೆ, ಪರದೆ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತದೆ.

ರೆಸಿಸ್ಟಿವ್ ಪರದೆಯಲ್ಲಿ ಎರಡು ಪದರಗಳು ಒತ್ತಡಕ್ಕೆ ಒಂದಕ್ಕೊಂದು ತಾಗುತ್ತವೆ. ಒದ್ದೆ ಕೈ, ಗ್ಲೌಸ್, ಉಗುರು, ಪೆನ್ನಿನ ಹಿಂಬದಿ ಯಾವುದಾದರೂ ನಡೆಯುತ್ತದೆ. ಮೀನಿನ ಅಂಗಡಿ, ಹೋಟೆಲಿನ ಬಿಲ್ಲಿಂಗ್ ಕೌಂಟರ್‌ಗೆ ಇದೇ ಸರಿ. ಮೇಲಿನ ಪ್ಲಾಸ್ಟಿಕ್ ಪದರಕ್ಕೆ ಗೀರು ಬೀಳುತ್ತದೆ, ಬೆಳಕು ಸ್ವಲ್ಪ ಮಂದ, ಎರಡು ಬೆರಳಿನ ಹಿಗ್ಗಿಸುವಿಕೆ ಸಾಮಾನ್ಯವಾಗಿ ಇಲ್ಲ, ಕಾಲ ಕಳೆದಂತೆ ಒತ್ತಿದ ಜಾಗ ಅತ್ತಿತ್ತ ಸರಿಯುವುದರಿಂದ ಆಗಾಗ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಮುಟ್ಟಿದ ಜಾಗವನ್ನು ಪರದೆಗೆ ಮತ್ತೆ ಹೊಂದಿಸಬೇಕು.

ಇನ್‌ಫ್ರಾರೆಡ್ ಚೌಕಟ್ಟು ಶಾಲೆಗಳ ದೊಡ್ಡ ಪ್ಯಾನಲುಗಳಲ್ಲಿ ಕಾಣಸಿಗುತ್ತದೆ. ಕಾಣದ ಕಿರಣಗಳ ಬಲೆಯನ್ನು ಏನು ಅಡ್ಡಗಟ್ಟಿದರೂ ಅದು ಟಚ್ ಎಂದೇ ಲೆಕ್ಕ. ಮೊದಲ ಮಳೆಯ ಸಂಜೆ ಬೆಳಕಿಗೆ ಮುತ್ತುವ ಮಳೆಹುಳುಗಳು ಚೌಕಟ್ಟಿನ ಬಳಿ ಕುಳಿತರೆ ಪಾಠ ನಿಂತಿತೆಂದೇ ಅರ್ಥ. ಕಿಟಕಿಯ ಬಿಸಿಲು ನೇರ ಬಿದ್ದರೂ ಇದೇ ಗತಿ. ಒಣ ಬ್ರಷ್‌ನಿಂದ ನಾಲ್ಕೂ ಅಂಚುಗಳ ಧೂಳು ತೆಗೆಯುವುದನ್ನು ವಾರದ ಕೆಲಸವಾಗಿ ಯಾರಿಗಾದರೂ ಒಪ್ಪಿಸಬೇಕು.

ಯಾವ ಕೆಲಸಕ್ಕೆ ಯಾವುದು

ಅಡಿಕೆ, ಕರಿಮೆಣಸು, ದಿನಸಿ ವ್ಯಾಪಾರದಲ್ಲಿ ಟ್ಯಾಲಿ ಇದ್ದರೆ ಟಚ್ ಬಗ್ಗೆ ಯೋಚಿಸುವುದೇ ಬೇಡ. ಟ್ಯಾಲಿ ಕೀಬೋರ್ಡಿಗಾಗಿಯೇ ಹುಟ್ಟಿದ್ದು: ಎಫ್5 ಪಾವತಿ, ಎಫ್6 ರಶೀದಿ, ಎಫ್8 ಮಾರಾಟ, ಎಫ್9 ಖರೀದಿ, ಕಂಟ್ರೋಲ್ ಮತ್ತು ಎ ಒತ್ತಿದರೆ ವೋಚರ್ ಉಳಿಯಿತು. ಪಳಗಿದ ಗುಮಾಸ್ತರ ಕೈ ಮೌಸಿಗೂ ಹೋಗುವುದಿಲ್ಲ. ಟಚ್‌ಗೆ ಇಟ್ಟ ಹೆಚ್ಚುವರಿ ಹಣದಲ್ಲಿ ನಂಬರ್ ಪ್ಯಾಡ್ ಇರುವ ಒಳ್ಳೆಯ ಕೀಬೋರ್ಡ್, ಬಾಳುವ ಯುಪಿಎಸ್ ಬರುತ್ತದೆ.

ಹೋಟೆಲ್, ಬೇಕರಿ, ಜ್ಯೂಸ್ ಅಂಗಡಿಯ ಬಿಲ್ಲಿಂಗ್ ಇದಕ್ಕೆ ಪೂರ್ತಿ ಬೇರೆ. ವಸ್ತುಗಳು ಐವತ್ತು-ಅರುವತ್ತು, ಚಿತ್ರವಿರುವ ದೊಡ್ಡ ಗುಂಡಿಗಳು, ನಿಂತೇ ಕೆಲಸ, ಬಿಲ್ಲಿಗೆ ನಾಲ್ಕೈದು ಒತ್ತು. ಇಲ್ಲಿ ಟಚ್ ಮೌಸಿಗಿಂತ ಖಂಡಿತ ವೇಗ. ಆದರೆ ಮನೆಬಳಕೆಯ ಆಲ್-ಇನ್-ಒನ್ ತರಬೇಡಿ. 15 ಇಂಚಿನ, ಭಾರದ ಅಡಿಪಾಯವಿರುವ ಬಿಲ್ಲಿಂಗ್ ಟರ್ಮಿನಲ್ ತನ್ನಿ. ಹಗುರ ಸ್ಟ್ಯಾಂಡಿನ ಪರದೆ ಪ್ರತಿ ಒತ್ತಿಗೂ ಅಲುಗಾಡುತ್ತದೆ.

ಜನರಿಗೆ ಸರಕಾರಿ ಸೇವೆಗಳನ್ನು ಆನ್‌ಲೈನಿನಲ್ಲಿ ಮಾಡಿಕೊಡುವ ಕೇರಳದ ಅಕ್ಷಯ ಕೇಂದ್ರದಲ್ಲಿ ದಿನವಿಡೀ ಫಾರ್ಮ್ ತುಂಬಿಸುವ ಕೆಲಸ. ಟ್ಯಾಬ್ ಕೀಲಿಯಿಂದ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗುವ ವೇಗ ಯಾವ ಬೆರಳಿಗೂ ಇಲ್ಲ. ಅಲ್ಲಿ ಟಚ್‌ಗಿಂತ ಎಷ್ಟೋ ಉಪಯೋಗಕ್ಕೆ ಬರುವುದು ಎರಡನೆಯ ಸಾದಾ ಮಾನಿಟರ್. ಅದನ್ನು ಅರ್ಜಿದಾರರ ಕಡೆ ತಿರುಗಿಸಿ, ವಿಂಡೋಸ್ ಕೀಲಿ ಮತ್ತು ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಿದರೆ ನಿಮಗೆ ಕಂಡದ್ದೇ ಅವರಿಗೂ ಕಾಣುತ್ತದೆ. ಮನೆಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ದಾಖಲೆಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಆಗಿ ಜನ ಕಚೇರಿಯಿಂದ ಕಚೇರಿಗೆ ಅಲೆಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಸಬ್ಮಿಟ್ ಒತ್ತುವ ಮೊದಲು ಅವರೇ ಓದಿ ‘ಸರಿ’ ಎನ್ನುವಂತಾದರೆ ಆ ಅಲೆದಾಟದ ದೊಡ್ಡ ಪಾಲು ತಪ್ಪುತ್ತದೆ.

ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ ಮಾಡುವ ಡಿಟಿಪಿ ಕೇಂದ್ರಗಳಿಗೆ ಮೌಸ್. ಪೇಜ್‌ಮೇಕರ್‌ನ ಸಾಧನಪಟ್ಟಿ, ಕೋರೆಲ್‌ಡ್ರಾದಲ್ಲಿ ವಕ್ರರೇಖೆಯ ಮೇಲಿನ ನೋಡ್, ಇವು ಕೆಲವೇ ಪಿಕ್ಸೆಲ್‌ಗಳ ಗುರಿಗಳು. ಕೈಬರಹದ ಶೀರ್ಷಿಕೆ, ಕಿರೀಟದ ರೇಖಾಚಿತ್ರ ಬಿಡಿಸುವವರಿಗೆ ಪರದೆಯಿಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಬೇಕು. 6×4 ಇಂಚಿನ ಬರೆಯುವ ಜಾಗ ಸಾಕಾಗುತ್ತದೆ. ಅಂಗೈಯನ್ನು ಮೇಜಿನ ಮೇಲೆ ಊರಿ ಬರೆಯಬಹುದು, ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುತ್ತದೆ. ಗಣಿತ ಹೇಳಿಕೊಡುವ ಟ್ಯೂಷನ್ ಮೇಷ್ಟರಿಗೂ ಟೀಚರಿಗೂ ಇದೇ ಒಳ್ಳೆಯದು. ಬೆರಳಿನಲ್ಲಿ ಸಮೀಕರಣ ಬರೆದರೆ ಅಕ್ಷರ ದೊಡ್ಡದಾಗಿ ಪರದೆ ಎರಡೇ ಸಾಲಿಗೆ ಮುಗಿಯುತ್ತದೆ.

ಮನೆಯ ಹಿರಿಯರ ವಿಷಯದಲ್ಲಿ ಮಾತ್ರ ನಮಗೆ ಟಚ್ ಕಡೆ ಒಲವಿದೆ. ಕೈ ನಡುಗುವವರಿಗೆ ಡಬಲ್ ಕ್ಲಿಕ್ ಬಹಳ ಕಷ್ಟ. ಎರಡು ಒತ್ತಿನ ನಡುವೆ ಮೌಸ್ ಜಾರಿಬಿಡುತ್ತದೆ. ಮಗಳೊಡನೆ ವಿಡಿಯೋ ಕರೆ, ತಾಳಮದ್ದಳೆ ಕೇಳುವುದು, ಪತ್ರಿಕೆ ಓದುವುದು, ಇಷ್ಟಕ್ಕೆ 150 ಶೇಕಡಾ ಸ್ಕೇಲಿಂಗ್ ಇಟ್ಟ ಟಚ್ ಪರದೆ ಹಿತವಾಗಿರುತ್ತದೆ. ಮೌಸೇ ಇರುವುದಾದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಸಿಂಗಲ್ ಕ್ಲಿಕ್’ ಆರಿಸಿಕೊಡಿ. ಗುಂಡು ತಿರುಗಿಸುವ ಟ್ರ್ಯಾಕ್‌ಬಾಲ್ ಕೂಡ ನಡುಗುವ ಕೈಗೆ ಒಗ್ಗುತ್ತದೆ, ಯಾಕೆಂದರೆ ಒತ್ತುವಾಗ ಅದು ಸರಿಯುವುದಿಲ್ಲ.

ಗಾಜಿನ ಮೇಲೆ ಕನ್ನಡ ಟೈಪಿಂಗ್

ಒಂದೆರಡು ಪದ ಹುಡುಕಲು ಸಾಕು, ಅದಕ್ಕಿಂತ ಹೆಚ್ಚಿಗೆ ಬೇಡ. ಪರದೆಯ ಮೇಲಿನ ಕೀಲಿಮಣೆ ಕೆಳಗಿನ ಅರ್ಧದಷ್ಟು ಜಾಗ ನುಂಗುತ್ತದೆ. ನೀವು ತುಂಬಿಸುತ್ತಿರುವ ಖಾನೆಯೇ ಅದರಡಿ ಮುಚ್ಚಿಹೋಗುವುದೂ ಉಂಟು. ಎಫ್ ಮತ್ತು ಜೆ ಕೀಲಿಗಳ ಮೇಲಿನ ಗೀಟು ಬೆರಳಿಗೆ ಸಿಗದ ಕಾರಣ ನೋಡದೆ ಟೈಪ್ ಮಾಡಲು ಬರುವುದಿಲ್ಲ. ‘ರಾಷ್ಟ್ರ’ ಎಂಬ ಪದವನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಬರೆಯಿರಿ: ರ, ದೀರ್ಘ, ಷ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ಟ, ವಿರಾಮ, ರ. ಏಳು ಒತ್ತುಗಳಲ್ಲಿ ಒಂದು ತಪ್ಪಿದರೂ ಒತ್ತಕ್ಷರ ಒಡೆಯುತ್ತದೆ, ಷ ಒತ್ತಲು ಶಿಫ್ಟ್ ಬೇರೆ. ಕೀಬೋರ್ಡಿನಲ್ಲಿ ಒಂದು ಉಸಿರಿನ ಕೆಲಸ.

ಮೂರು ಭಾಷೆಗಳ ಮೇಜಿಗೆ ಹೀಗೆ ಮಾಡಿಕೊಳ್ಳಿ: ಸೆಟ್ಟಿಂಗ್ಸ್‌ನ ‘ಟೈಮ್ ಆಂಡ್ ಲ್ಯಾಂಗ್ವೇಜ್’ನಲ್ಲಿ ಕನ್ನಡ, ಮಲಯಾಳ ಎರಡನ್ನೂ ಸೇರಿಸಿ. ಇನ್‌ಸ್ಕ್ರಿಪ್ಟ್ ಬಾರದವರು ಎರಡಕ್ಕೂ ‘ಫೋನೆಟಿಕ್’ ಕೀಬೋರ್ಡ್ ಹಾಕಿಕೊಳ್ಳಬಹುದು. 2019ರ ವಿಂಡೋಸ್ 10 ಪರಿಷ್ಕರಣೆಯಿಂದ ಈಚೆಗೆ ಇದು ಒಳಗೇ ಸಿಗುತ್ತದೆ. ಆಮೇಲೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಬೇಡದ ಭಾಷೆಗಳನ್ನು ಪಟ್ಟಿಯಿಂದ ತೆಗೆದುಹಾಕಿ, ಇಲ್ಲವಾದರೆ ಪ್ರತಿ ಸಲ ಸುತ್ತು ಹೊಡೆಯಬೇಕು. ಟಚ್ ಯಂತ್ರದಲ್ಲಿ ಕೀಲಿಮಣೆ ಬೇಡದಾಗ ಮೇಲೆದ್ದು ಬರುತ್ತಿದ್ದರೆ ಅಲ್ಲೇ ‘ಟೈಪಿಂಗ್’ನೊಳಗೆ ‘ಟಚ್ ಕೀಬೋರ್ಡ್’ ಹುಡುಕಿ ‘ನೆವರ್’ ಮಾಡಿ.

ಈಗಾಗಲೇ ಟಚ್ ಯಂತ್ರ ತಂದಾಗಿದ್ದರೆ

ಪರದೆ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತಿದ್ದರೆ ಕ್ರಮವಾಗಿ ನೋಡಿ. ಮೊದಲು ಯಂತ್ರ ಆಫ್ ಮಾಡಿ, ಮೈಕ್ರೋಫೈಬರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಬಳಿಕ ಒಣ ಬಟ್ಟೆಯಲ್ಲಿ ಒರೆಸಿ. ಗಾಜಿನ ಮೇಲೆ ನೇರ ಸಿಂಪಡಿಸಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ. ಅಡಿಕೆ ಚೊಗರು, ಎಣ್ಣೆ, ಕಡಲ ಬದಿಯ ಉಪ್ಪಿನ ಪೊರೆ ಇಷ್ಟಕ್ಕೇ ಹೋಗುತ್ತದೆ.

ಒರೆಸಿದ ಮೇಲೂ ನಿಲ್ಲದಿದ್ದರೆ ಅರ್ತಿಂಗ್ ಅನುಮಾನಿಸಿ. ಕೆಪಾಸಿಟಿವ್ ಗಾಜು ಅಳೆಯುವ ಸಂಕೇತ ತೀರಾ ಸಣ್ಣದು. ಅರ್ತ್ ಸಿಗದ ಅಡಾಪ್ಟರಿನ ಗದ್ದಲವೇ ಅದಕ್ಕೆ ಬೆರಳಿನಂತೆ ಕಾಣುತ್ತದೆ. ಕ್ಯಾಬಿನೆಟ್ಟಿನ ಲೋಹಕ್ಕೆ ಕೈ ತಾಗಿದಾಗ ಸಣ್ಣಗೆ ಜುಮ್ಮೆಂದರೆ ಅದೇ ಗುರುತು. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ತೆಗೆದು ಗೋಡೆಯ ಮೂರು ಪಿನ್ ಸಾಕೆಟ್ಟಿಗೆ ನೇರ ಕೊಡಿ. ಇಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸಿ: ಫೇಸ್ ಮತ್ತು ಅರ್ತ್ ನಡುವೆ ಫೇಸ್-ನ್ಯೂಟ್ರಲ್‌ನಷ್ಟೇ, ಅಂದರೆ 230ರ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು. ನಮ್ಮ ಮುರಕಲ್ಲಿನ ನೆಲ ಮಾರ್ಚ್-ಎಪ್ರಿಲ್ ಹೊತ್ತಿಗೆ ಒಣಗಿ ಅರ್ತ್ ಹಿಡಿಯುವುದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಟಚ್ ಬೇಸಗೆಯಲ್ಲಿ ಕೆಟ್ಟರೆ ಗಾಜಿಗೆ ಬೈಯುವ ಮೊದಲು ಅರ್ತ್ ಗುಂಡಿಗೆ ನೀರು ಹೊಯ್ಯಿರಿ.

ಎರಡು ಮಾನಿಟರ್ ಇದ್ದು ಒಂದನ್ನು ಮುಟ್ಟಿದರೆ ಇನ್ನೊಂದರಲ್ಲಿ ಒತ್ತಾದರೆ ಕಂಟ್ರೋಲ್ ಪ್ಯಾನಲ್ಲಿನ ‘ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್’ ತೆರೆದು ‘ಸೆಟಪ್’ ಒತ್ತಿ, ಯಾವ ಪರದೆಯಲ್ಲಿ ಸಂದೇಶ ಬರುತ್ತದೋ ಅದು ಟಚ್ ಪರದೆಯಾದರೆ ಬೆರಳಿನಿಂದ ತಟ್ಟಿ, ಅಲ್ಲವಾದರೆ ಎಂಟರ್ ಒತ್ತಿ. ಹೊಸ ಟಚ್ ಮಾನಿಟರಿನಲ್ಲಿ ಚಿತ್ರ ಬಂದು ಟಚ್ ಬಾರದಿದ್ದರೆ ಎಚ್‌ಡಿಎಂಐ ಜೊತೆಗೆ ಯುಎಸ್‌ಬಿ ಕೇಬಲನ್ನೂ ಸಿಕ್ಕಿಸಿದ್ದೀರಾ ನೋಡಿ. ಎಚ್‌ಡಿಎಂಐ ಚಿತ್ರವನ್ನೂ ಧ್ವನಿಯನ್ನೂ ಒಯ್ಯುತ್ತದೆ, ಟಚ್ ಅನ್ನು ಒಯ್ಯುವುದಿಲ್ಲ. ಕೆಪಾಸಿಟಿವ್ ಪರದೆಯನ್ನು ಕಾರಣವಿಲ್ಲದೆ ಕ್ಯಾಲಿಬ್ರೇಟ್ ಮಾಡಬೇಡಿ, ಸರಿ ಇದ್ದದ್ದೂ ಓರೆಯಾಗುತ್ತದೆ. ಮಾಡಿ ಕೆಟ್ಟಿದ್ದರೆ ಅಲ್ಲೇ ‘ರಿಸೆಟ್’ ಇದೆ.

ಟಚ್ ಬೇಡವೇ ಬೇಡ ಎನಿಸಿದರೆ ಯಂತ್ರ ಮಾರಬೇಕಿಲ್ಲ. ವಿಂಡೋಸ್ ಕೀಲಿ ಮತ್ತು ಎಕ್ಸ್ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ, ‘ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್’ ಬಿಚ್ಚಿ, ‘ಎಚ್‌ಐಡಿ ಕಂಪ್ಲಯಂಟ್ ಟಚ್ ಸ್ಕ್ರೀನ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಆರಿಸಿ. ಆ ಹೆಸರು ಎರಡು ಕಡೆ ಇದ್ದರೆ ಎರಡನ್ನೂ ಮಾಡಬೇಕು. ಮೌಸ್ ಸಿಕ್ಕಿಸಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಿ.

ಅಂಗಡಿಯಲ್ಲಿ ನೋಡಬೇಕಾದ್ದು

ನಿಂತು ನೋಡಬೇಡಿ. ಕುರ್ಚಿ ಕೇಳಿ, ಕುಳಿತು ಬೆನ್ನು ಒರಗಿಸಿ, ಹತ್ತು ನಿಮಿಷ ಬೆರಳಿನಿಂದಲೇ ಕೆಲಸ ಮಾಡಿ. ಒಂದು ಕಡತವನ್ನು ಪರದೆಯ ಎಡತುದಿಯಿಂದ ಬಲತುದಿಗೆ ಎಳೆಯಿರಿ. ವರ್ಡ್‌ನಲ್ಲಿ ಕನ್ನಡದ ಒಂದು ಸಾಲು ಬರೆದು ನಡುವಿನ ಒಂದು ಪದವನ್ನಷ್ಟೇ ಆರಿಸಲು ನೋಡಿ. ಮೇಲಿನ ಬಲಮೂಲೆಯನ್ನು ಒತ್ತಿದಾಗ ಪರದೆ ಎಷ್ಟು ಅಲುಗುತ್ತದೆ ನೋಡಿ. ಗೋಡೆಗೋ ತೋಳಿಗೋ ಕೂರಿಸುವ ಯೋಚನೆಯಿದ್ದರೆ ಹಿಂಬದಿಯಲ್ಲಿ 75×75 ಅಥವಾ 100×100 ಮಿಲಿಮೀಟರ್ ಅಂತರದ ನಾಲ್ಕು ತಿರುಪಿನ ತೂತುಗಳಿರಬೇಕು. ಎಷ್ಟೋ ಆಲ್-ಇನ್-ಒನ್‌ಗಳಲ್ಲಿ ಇವು ಇರುವುದಿಲ್ಲ.

ಕೊನೆಯದಾಗಿ ರಿಪೇರಿ. ಎಷ್ಟೋ ಆಲ್-ಇನ್-ಒನ್‌ಗಳಲ್ಲಿ ಟಚ್ ಗಾಜನ್ನು ಪರದೆಗೆ ಅಂಟಿಸಿರುತ್ತಾರೆ, ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕು. ಕಂಪೆನಿಯ ಸರ್ವಿಸ್ ಕೇಂದ್ರ ಬೇಕೆಂದರೆ ಬಹಳ ಸಲ ಕಾಸರಗೋಡು ಪೇಟೆಯಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೇ ಒಯ್ಯಬೇಕಾಗುತ್ತದೆ, ಅದೂ ಇಡೀ ಕಂಪ್ಯೂಟರನ್ನು. ಅಷ್ಟು ದಿನ ಕೆಲಸ ಬಂದ್. ಸಾದಾ ಕಂಪ್ಯೂಟರಿಗೆ ಪ್ರತ್ಯೇಕ ಟಚ್ ಮಾನಿಟರ್ ಜೋಡಿಸಿದ್ದರೆ ಆ ಮಾನಿಟರನ್ನು ಮಾತ್ರ ಕಳಿಸಿ, ಹಳೆಯದನ್ನು ಸಿಕ್ಕಿಸಿ ಕೆಲಸ ಮುಂದುವರಿಸಬಹುದು. ಅದಕ್ಕಾಗಿಯೇ ಟಚ್ ಬೇಕೆನ್ನುವವರಿಗೂ ನಾವು ಹೇಳುವುದು ಪ್ರತ್ಯೇಕ ಟಚ್ ಮಾನಿಟರನ್ನೇ. ಬಿಲ್ಲಿನಲ್ಲಿ ‘ಟಚ್ ಪ್ಯಾನಲಿಗೂ ವಾರಂಟಿ ಇದೆ’ ಎಂದು ಬರೆಸಿಕೊಳ್ಳಿ. ಒಡೆದ ಗಾಜಿಗೆ, ಸಿಡಿಲಿನಿಂದ ಆದ ಹಾನಿಗೆ ಮಾಮೂಲಿ ವಾರಂಟಿ ಬರುವುದಿಲ್ಲ. ಎಪ್ರಿಲ್-ಮೇಯ ಗುಡುಗಿನ ಸಂಜೆಗಳಲ್ಲಿ ಕರೆಂಟಿನ ಪ್ಲಗ್ ಜೊತೆಗೆ ಇಂಟರ್‌ನೆಟ್ಟಿನ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಪೆಟ್ಟು ಆ ದಾರಿಯಿಂದಲೂ ಒಳಗೆ ಬರುತ್ತದೆ.